ಅಟ್ಟದ ಮೇಲಿನ ಕಟ್ಟು

ಹೊಸಪೇಟೆ, ಕಂಪ್ಲಿ, ಸಂಡೂರು, ಹಂಪೆಯ ಸುತ್ತಣ ಹಳ್ಳಿಗಳು, ಈ ಸೀಮೆಯ ಕೆಲವು ಹಳೆಯ ಮನೆಗಳಲ್ಲಿ ದೇವರ ಜಗುಲಿಯ ಮೇಲೋ ಅಟ್ಟದ ಮೂಲೆಯಲ್ಲೋ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಗರಿಯ ಕಟ್ಟೊಂದು ಇರುವುದುಂಟು. ಮನೆಯ ಹಿರಿಯರು ಅದನ್ನು ‘ಪುರಾಣ’ವೆಂದು ಕರೆಯುವರು. ಮಹಾನವಮಿಯಲ್ಲಿ ಅದಕ್ಕೆ ಕುಂಕುಮ ಹೂವು ಸಲ್ಲುವುವು. ಆದರೆ ಅದನ್ನು ಬಿಚ್ಚಿ ಓದುವವರಿಲ್ಲ. ಕೊನೆಗೊಂದು ದಿನ ಹುಳು ಹಿಡಿದು ಅಂಚು ಉದುರತೊಡಗಿದಾಗ, ಮುಕ್ಕಾದುದು ಮನೆಯಲ್ಲಿರಬಾರದೆಂದು ಭಕ್ತಿಯಿಂದಲೇ ಅದನ್ನು ತುಂಗಭದ್ರೆಯಲ್ಲಿ ಬಿಡುವರು. ಹೀಗೆ ಬಿಡುವವರಲ್ಲಿ ದುರುದ್ದೇಶವಿಲ್ಲ. ಆದರೂ ಆಗುವ ನಷ್ಟ ನಷ್ಟವೇ. ಈ ತಿಂಗಳು ಈ ಪುಟದಲ್ಲಿ ಆ ಕಟ್ಟಿನ ಪರವಾಗಿ ನಾಲ್ಕು ಮಾತುಗಳನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವೆವು.

ಒಂದು ಮತದ ಬೋಧೆ ಹುಟ್ಟಿದ ಮಾತ್ರಕ್ಕೆ ಬಾಳುವುದಿಲ್ಲ. ನುಡಿದವರು ಹೋಗುವರು, ಕೇಳಿದವರು ಹೋಗುವರು. ಬರೆದಿಟ್ಟವರು ಮತ್ತು ಬರೆದುದನ್ನು ಕಾಯ್ದಿಟ್ಟವರು ಇದ್ದರೆ ಮಾತ್ರ ಅದು ಮುಂದಿನವರ ಕೈಸೇರುವುದು. ಕಲ್ಯಾಣದ ಶರಣರ ನುಡಿಗಳ ಕಥೆ ಇದಕ್ಕೆ ಉತ್ತಮ ನಿದರ್ಶನ. ಆ ಕಥೆಯಲ್ಲಿ ನಮ್ಮ ಹಂಪೆಗೆ ಸಂದಿರುವ ಪಾತ್ರ ಎಷ್ಟು ದೊಡ್ಡದೆಂಬುದು ಹಂಪೆಯನ್ನು ಕಲ್ಲಿನ ಊರೆಂದು ಮಾತ್ರ ಬಲ್ಲವರಿಗೆ ತಿಳಿಯದು.

12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ದಿಕ್ಕುದಿಕ್ಕಿಗೆ ಚದರಿದರು. ಅದಾದ ಕೆಲವು ದಶಕಗಳಲ್ಲಿಯೇ ವಿರೂಪಾಕ್ಷನ ಸನ್ನಿಧಿಯಲ್ಲಿ ಬಾಳಿದ ಹರಿಹರನು ಶರಣರ ಚರಿತ್ರೆಗಳನ್ನು ರಗಳೆಗಳಾಗಿ ಬರೆದನು. ಬಸವಣ್ಣನವರ ಜೀವಿತವನ್ನು ಕುರಿತು ಕನ್ನಡದಲ್ಲಿ ದೊರೆತಿರುವ ಮೊದಲ ಕೃತಿ ಈತನ ಬಸವರಾಜದೇವರ ರಗಳೆ. ಅದು ಇಪ್ಪತ್ತೈದು ಸ್ಥಲಗಳ ಕೃತಿಯೆಂದು ಹೇಳುವರು. ನಮಗೆ ದೊರೆತಿರುವುವು ಹದಿಮೂರು ಮಾತ್ರ. ಮಿಕ್ಕ ಭಾಗವನ್ನು ಯಾವ ಶತ್ರುವೂ ಸುಟ್ಟನೆಂದು ಹೇಳುವ ಆಧಾರವಿಲ್ಲ. ಯಾರೋ ಪ್ರತಿ ಮಾಡಿಕೊಳ್ಳಲಿಲ್ಲ, ಯಾರೋ ಕಾಯಲಿಲ್ಲ, ಅಷ್ಟೇ ಇರಬಹುದು.

ಇದಕ್ಕೆ ಇನ್ನೂರು ವರ್ಷಗಳ ತರುವಾಯ, 15ನೆಯ ಶತಮಾನದ ಮೊದಲರ್ಧದಲ್ಲಿ, ಪ್ರೌಢದೇವರಾಯನ ಕಾಲಕ್ಕೆ ವಿಜಯನಗರದಲ್ಲಿ ಒಂದು ಮಹಾಕಾರ್ಯ ನಡೆಯಿತು. ಅರಸನ ಆಳ್ವಿಕೆಯಲ್ಲಿ ದಂಡನಾಯಕನಾಗಿದ್ದ ಲಕ್ಕಣ್ಣ ದಂಡೇಶನು ಶಿವತತ್ತ್ವ ಚಿಂತಾಮಣಿಯೆಂಬ ಬೃಹದ್ಗ್ರಂಥವನ್ನು ರಚಿಸಿ ಅದರಲ್ಲಿ ಶರಣರ ಹೆಸರುಗಳನ್ನೂ ಮಹಿಮೆಗಳನ್ನೂ ಕೂಡಿಹಾಕಿದನು. ಮಂತ್ರಿಯಾಗಿದ್ದ ಜಕ್ಕಣಾರ್ಯನು ಚೆದರಿದ್ದ ವಚನಗಳನ್ನು ನೂರೊಂದು ಸ್ಥಲಗಳ ಕ್ರಮದಲ್ಲಿ ಜೋಡಿಸಿದನು. ಸ್ಥಲವೆಂದರೆ ಇಲ್ಲಿ ಸಾಧಕನ ಮೆಟ್ಟಿಲು. ಭಕ್ತನಿಂದ ಮೊದಲ್ಗೊಂಡು ಐಕ್ಯನವರೆಗೆ ಜೀವನು ಏರುವ ದಾರಿ. ಯಾವ ವಚನ ಯಾವ ಮೆಟ್ಟಿಲಿಗೆ ಸಲ್ಲುವುದೆಂದು ತೂಗಿನೋಡಿ ಇರಿಸಬೇಕಾದರೆ ಮೊದಲು ಆ ವಚನಗಳೆಲ್ಲ ಕೈಗೆ ಸಿಕ್ಕಬೇಕಷ್ಟೆ. ನೂರೊಂದು ವಿರಕ್ತರು ಈ ಕಾರ್ಯದಲ್ಲಿ ತೊಡಗಿದ್ದರೆಂಬ ಪ್ರತೀತಿಯುಂಟು. ಆ ಎಣಿಕೆ ಹೇಗೇ ಇರಲಿ, ಹುಡುಕುವವರು, ಪ್ರತಿ ಮಾಡುವವರು, ವಿಂಗಡಿಸುವವರು, ಟೀಕೆ ಬರೆಯುವವರು ಎಂದು ಅನೇಕರ ಶ್ರಮವಿಲ್ಲದೆ ಇಂತಹ ಕೆಲಸ ಕೈಗೂಡದೆಂಬುದು ಸ್ಪಷ್ಟ. ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದುದೂ ಈ ಕಾಲದಲ್ಲಿಯೇ.

ಆ ಶತಮಾನದಲ್ಲಿಯೇ ಶಿವಗಣಪ್ರಸಾದಿ ಮಹದೇವಯ್ಯನು ವಚನಗಳನ್ನು ಸಂವಾದವಾಗಿ ಹೊಂದಿಸಿ, ಅಲ್ಲಮಪ್ರಭುವನ್ನು ನಡುವಿರಿಸಿ, ಶೂನ್ಯಸಂಪಾದನೆಯನ್ನು ಕಟ್ಟಿದನು. ಇಲ್ಲೊಂದು ಸ್ವಾರಸ್ಯವಿದೆ. ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಮಹದೇವಯ್ಯನ ತರುವಾಯ ಹಲಗೆಯದೇವನು, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯನು ಒಬ್ಬರಾದ ಮೇಲೊಬ್ಬರು ಅದನ್ನು ತಿದ್ದಿ ಬೆಳೆಸಿದರು. ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆ ಆಯಿತೇ ಇಲ್ಲವೇ ಎಂಬ ಮಾತಿನಲ್ಲಿ ಮೊದಲನೆಯ ಸಂಪಾದನೆಗೂ ಹಲಗೆಯದೇವನ ಸಂಪಾದನೆಗೂ ಭೇದವಿದೆ. ಮೊದಲನೆಯದರಲ್ಲಿ ದೀಕ್ಷೆಯಿಲ್ಲ, ಎರಡನೆಯವನಿಗೆ ಅದು ಒಪ್ಪಿಗೆಯಾಗದೆ ದೀಕ್ಷೆಯ ಪ್ರಸಂಗವನ್ನು ಸೇರಿಸಿದನು. ಇಬ್ಬರೂ ಶ್ರದ್ಧಾವಂತರೇ; ಇಬ್ಬರೂ ಅದೇ ಶರಣರನ್ನು ನಂಬಿದವರೇ. ಆದರೂ ತಮ್ಮ ಮತದ ಪೂರ್ವಚರಿತ್ರೆ ಹೇಗಿತ್ತೆಂಬುದರಲ್ಲಿ ಅವರಿಗೆ ಏಕಾಭಿಪ್ರಾಯವಿರಲಿಲ್ಲ.

ಈ ಭೇದ ನಮಗೆ ಹೇಗೆ ತಿಳಿಯಿತು? ಹೊಸದು ಬಂದ ಮೇಲೆ ಹಳೆಯದನ್ನು ಯಾರೂ ಕಟ್ಟಳೆ ಮಾಡಿ ನಾಶಗೊಳಿಸಲಿಲ್ಲವಾದುದರಿಂದ ತಿಳಿಯಿತು. ಒಂದು ಮಠದಲ್ಲಿ ಒಂದು ಪ್ರತಿ, ಇನ್ನೊಂದು ಮನೆಯಲ್ಲಿ ಇನ್ನೊಂದು ಪ್ರತಿ ಉಳಿದುವು. ತಿದ್ದಿದವನ ಮಾತೂ ಉಳಿಯಿತು, ತಿದ್ದಿಸಿಕೊಂಡವನ ಮಾತೂ ಉಳಿಯಿತು. ಇದು ನಮ್ಮ ಪೂರ್ವಿಕರು ನಮಗೆ ಬಿಟ್ಟುಹೋದ ದೊಡ್ಡ ಆಸ್ತಿ.

ಈ ಪ್ರಶ್ನೆ ಹಳೆಯ ಮತಗಳಿಗೆ ಮಾತ್ರ ಬಂದುದಲ್ಲ. ನಿನ್ನೆ ಮೊನ್ನೆ ಹುಟ್ಟಿದ ಪಂಥಗಳಿಗೂ ಬಂದಿದೆ. ಅಮೆರಿಕದಲ್ಲಿ ರಾನ್ ಹಬ್ಬರ್ಡ್ ಎಂಬಾತನು 1950ರಲ್ಲಿ ‘ಡಯನೆಟಿಕ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಅದರಿಂದ ಬೆಳೆದ ಸೈಂಟಾಲಜಿ ಎಂಬ ಪಂಥಕ್ಕೆ 1954ರಲ್ಲಿ ಲಾಸ್ ಏಂಜಲೀಸಿನಲ್ಲಿ ಚರ್ಚು ಸ್ಥಾಪಿತವಾಯಿತು. ಈತನು 1986ರಲ್ಲಿ ತೀರಿಕೊಂಡನು. ಆತನ ಬರಹಗಳು ಎಂದೆಂದಿಗೂ ಅಳಿಯಬಾರದೆಂದು ಅನುಯಾಯಿಗಳು ಅವನ್ನು ಉಕ್ಕಿನ ತಗಡುಗಳ ಮೇಲೆ ಕೊರೆಯಿಸಿ, ಟೈಟೇನಿಯಮ್ ಲೋಹದ ಸಂಪುಟಗಳಲ್ಲಿಟ್ಟು, ನ್ಯೂ ಮೆಕ್ಸಿಕೋ ಪ್ರಾಂತದ ಟ್ರೆಮೆಂಟಿನಾ ಎಂಬಲ್ಲಿ ನೆಲಮಾಳಿಗೆಯಲ್ಲಿ ಭದ್ರಪಡಿಸಿದ್ದಾರೆ. ನಮ್ಮ ತಾಮ್ರಶಾಸನಗಳನ್ನು ನೆನಪಿಗೆ ತರುವ ಈ ಶ್ರದ್ಧೆಯನ್ನು ಹಳಿಯಬೇಕಾಗಿಲ್ಲ.

ಆದರೆ ಅದೇ ಸಂಸ್ಥೆ 2007ರಲ್ಲಿ ತನ್ನ ಮೂಲಗ್ರಂಥಗಳನ್ನು ತಿದ್ದಿ ಹೊಸದಾಗಿ ಮುದ್ರಿಸಿ, ಹಿಂದಿನ ಮುದ್ರಣಗಳಲ್ಲಿ ಬರೆದುಕೊಂಡವರ ತಪ್ಪುಗಳು ನುಸುಳಿದ್ದುವೆಂದು ಸಾರಿತು. ತಿದ್ದಿದುದು ತಪ್ಪನ್ನೋ ಒಪ್ಪನ್ನೋ ಎಂದು ತಿಳಿಯಬೇಕಾದರೆ ಹಳೆಯ ಮುದ್ರಣ ಬೇರೊಬ್ಬರ ಬಳಿ ಇರಲೇಬೇಕು. ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಸ್ಟೀಫನ್ ಕೆಂಟ್ ಎಂಬವರು ಕೂಡಿಸಿದ ಹೊಸ ಪಂಥಗಳ ಕಾಗದಪತ್ರಗಳ ಭಂಡಾರವೊಂದಿದೆ. ಅದರಲ್ಲಿ ಸೈಂಟಾಲಜಿಯ ಸಾಮಗ್ರಿಗೂ ಸ್ಥಾನವಿದೆ. ಪಂಥದವರ ನೆಲಮಾಳಿಗೆ ಕಾಯುವುದು ಬೋಧೆಯನ್ನು. ಇಂತಹ ಭಂಡಾರ ಕಾಯುವುದು ಚರಿತ್ರೆಯನ್ನು. ಎರಡೂ ಒಬ್ಬನ ಬೀಗದ ಕೈಯಲ್ಲಿಯೇ ಇದ್ದರೆ, ಆತನು ಹೇಳಿದುದೇ ಚರಿತ್ರೆಯಾಗುವುದು. ವಿಜಯನಗರದ ವಿರಕ್ತರ ತರುವಾಯ ನಮ್ಮಲ್ಲಿ ಹಾಗಾಗದೆ ಉಳಿದುದು ಓಲೆಗಳು ಹಲವು ಮನೆಗಳಲ್ಲಿ ಹಂಚಿಹೋಗಿದ್ದುದರಿಂದ.

ಹಂಚಿಹೋಗಿದ್ದುದರ ಪ್ರಯೋಜನ ಬೇರೊಂದು ಬಗೆಯಲ್ಲಿಯೂ ಕಂಡಿತು. 1565ರ ಯುದ್ಧದ ತರುವಾಯ ರಾಜಧಾನಿ ಹಾಳಾಯಿತು. ಅರಮನೆಗಳು ಬಿದ್ದುವು, ಪೇಟೆಗಳು ಬರಿದಾದುವು. ವಚನಗಳು ಅಳಿಯಲಿಲ್ಲ, ಅಷ್ಟರೊಳಗೆ ಅವು ಊರೂರಿನ ಮಠಗಳನ್ನೂ ಗೃಹಸ್ಥರ ಮನೆಗಳನ್ನೂ ಸೇರಿದ್ದುವು. ಕಲ್ಲು ಕಾಯಲಾರದುದನ್ನು ತಾಳೆಯ ಗರಿ ಕಾಯಿತು.

ಹಾಗೆ ಕಾಯ್ದ ಮನೆಗಳ ಬಾಗಿಲನ್ನು ತಟ್ಟಿದವರಲ್ಲಿ ಅಗ್ರಗಣ್ಯರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲರಾಗಿದ್ದ ಈ ಮಹನೀಯರು ಊರೂರು ತಿರುಗಿ, ಮಠದ ಪೆಟ್ಟಿಗೆಗಳನ್ನೂ ಮನೆಯ ಗಂಟುಗಳನ್ನೂ ಬಿಚ್ಚಿಸಿ ನೋಡಿದರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ ಹೊರಬಂದಿತು. ಮುದ್ರಣಕ್ಕೆಂದು ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. 1964ರಲ್ಲಿ ಅವರು ಕಾಲವಾದರು. ಅವರು ಮಾರಿದ ಮನೆ ಒಂದು. ಅದರಿಂದ ಕನ್ನಡಿಗರ ಮನೆಮನೆಗೂ ವಚನ ಬಂದಿತು.

1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ಅದರ ಪ್ರಧಾನ ಸಂಪಾದಕರಾಗಿದ್ದ ಎಂ. ಎಂ. ಕಲಬುರ್ಗಿಯವರು ಮುಂದೆ ಹಂಪೆಯ ಕನ್ನಡ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿ ಬಂದರು. ಇಪ್ಪತ್ತು ಸಾವಿರಕ್ಕೆ ಮಿಕ್ಕ ವಚನಗಳು ಆ ಸಂಪುಟಗಳಲ್ಲಿವೆ. ಬಸವಣ್ಣನವರ, ಪ್ರಭುದೇವರ, ಚನ್ನಬಸವಣ್ಣನವರ ವಚನಗಳು ಸಾವಿರದ ಲೆಕ್ಕದಲ್ಲಿವೆ. ಆದರೆ ಓದುತ್ತ ಹೋದರೆ ಕೆಲವು ಶರಣೆಯರ ಹೆಸರಿನಲ್ಲಿ ಒಂದೇ ಒಂದು ವಚನ ಕಾಣುವುದು. ನೂಲುವ, ಬೀಸುವ, ಗುಡಿಸುವ ಕಾಯಕದ ಹೆಂಗಸರು ಒಂದು ಮಾತು ನುಡಿದರು. ಅದನ್ನು ಯಾರೋ ಬರೆದುಕೊಂಡರು. ಆ ಒಂದು ಗರಿ ಹೊಳೆಯ ಪಾಲಾಗಿದ್ದರೆ ಆಕೆ ಇದ್ದಳೆಂಬುದೇ ಲೋಕಕ್ಕೆ ತಿಳಿಯುತ್ತಿರಲಿಲ್ಲ. ಅಂತಹ ಎಷ್ಟು ಮಂದಿ ತಾಯಂದಿರ ಮಾತು ಹೊಳೆಯ ಪಾಲಾಗಿದೆಯೋ ಎಣಿಸುವ ಬಗೆಯಿಲ್ಲ. ಅಟ್ಟದ ಮೇಲಿನ ಕಟ್ಟನ್ನು ನೋಡುವಾಗ ಇದನ್ನು ಮನಸ್ಸಿನಲ್ಲಿಡಬೇಕು.

‘ಇವೆಲ್ಲ ಅಚ್ಚಾದ ಮೇಲೆ ನಮ್ಮ ಮನೆಯ ಹರಕು ಓಲೆಯಿಂದೇನು?’ ಎಂದು ಕೇಳುವವರುಂಟು. ಓಲೆಯ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ. ‘ಎ’ ‘ಏ’ಗಳ, ‘ಒ’ ‘ಓ’ಗಳ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಪ್ರತಿ ಮಾಡಿದವನು ಒಂದು ಸಾಲು ಬಿಟ್ಟಿರಬಹುದು, ಒಂದು ಅಂಕಿತ ಬದಲಾಗಿರಬಹುದು. ವಚನಕ್ಕೆ ಅಂಕಿತವೇ ಕರ್ತೃವಿನ ಗುರುತು. ಅದು ಬದಲಾದರೆ ಒಬ್ಬರ ಮಾತು ಮತ್ತೊಬ್ಬರದಾಗುವುದು. ಆದಕಾರಣ ಸಂಪಾದಕರು ಹತ್ತು ಪ್ರತಿಗಳನ್ನು ಎದುರಿಟ್ಟು ಹೋಲಿಸಿ ನೋಡುವರು. ನಿಮ್ಮ ಮನೆಯ ಪ್ರತಿ ಆ ಹನ್ನೊಂದನೆಯದಾಗಬಹುದು. ಹತ್ತರಲ್ಲಿ ಇಲ್ಲದ ಅಕ್ಷರ ಅದರಲ್ಲಿ ಇದ್ದೀತು.

ಇನ್ನು ಗೃಹಸ್ಥರು ಮಾಡಬೇಕಾದುದೇನೆಂಬುದನ್ನು ಹೇಳುವೆವು. ಗರಿಗಳು ಒಣಗಿ ಸೆಡೆತುಕೊಂಡಿದ್ದರೆ ಬಲವಂತವಾಗಿ ಬಿಡಿಸಬಾರದು. ಒದ್ದೆ ಬಟ್ಟೆಯಿಂದ ಒರಸಬಾರದು, ಬಿಸಿಲಿಗೆ ಒಡ್ಡಬಾರದು. ಅರಿಸಿನ ಕುಂಕುಮವನ್ನು ಹೊರವಸ್ತ್ರಕ್ಕೆ ಇಡಿರಿ, ಗರಿಗೆ ಬೇಡ. ಮುರಿದ ಗರಿಗೆ ಗೋಂದು, ಅಂಟುಪಟ್ಟಿ ಹಚ್ಚುವುದು ಗೆದ್ದಲಿಗಿಂತ ಕೇಡು. ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಮೇಲೆ ಕೆಳಗೆ ಮರದ ಹಲಗೆಯಿಟ್ಟು, ತೊಳೆದು ಒಣಗಿಸಿದ ಹತ್ತಿಯ ವಸ್ತ್ರದಲ್ಲಿ ಸುತ್ತಿ, ತೇವವಿಲ್ಲದ ಕಡೆ ಇರಿಸಬೇಕು. ಬಜೆಯ ತುಂಡನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿಟ್ಟರೆ ಹುಳುವಿನ ಬಾಧೆ ಕಡಮೆಯಾಗುವುದೆಂಬುದು ಹಿರಿಯರ ಅನುಭವ. ಗರಿಗಳ ಕ್ರಮವನ್ನು ಕದಲಿಸದೆ ಒಂದೊಂದರ ಎರಡು ಮಗ್ಗುಲನ್ನೂ ಮೊಬೈಲ್ ಫೋನಿನಿಂದ ಚಿತ್ರ ತೆಗೆದಿಡುವುದು ಈಗ ಎಳೆಯರಿಗೂ ಸಾಧ್ಯವಾದ ಕೆಲಸ.

ಎಲ್ಲಕ್ಕಿಂತ ಮುಖ್ಯವಾದುದು ಒಂದು ಚೀಟಿ. ಈ ಕಟ್ಟು ಯಾರ ಕಾಲದಲ್ಲಿ, ಯಾವ ಊರಿನಿಂದ, ಯಾವ ಸಂಬಂಧದಿಂದ ನಮ್ಮ ಮನೆಗೆ ಬಂದಿತೆಂಬುದನ್ನು ಮನೆಯ ಅಜ್ಜಿಯನ್ನು ಕೇಳಿ ಬರೆದಿಡಿರಿ. ಗರಿಯನ್ನು ಪಂಡಿತರು ಓದಿಯಾರು. ಅಜ್ಜಿ ಹೋದ ಮೇಲೆ ಆ ಮಾತನ್ನು ಹೇಳುವವರಿಲ್ಲ. ಓಲೆಗೆ ಸಲ್ಲುವ ಈ ಮಾತು ಹಳೆಯ ಕಡತಕ್ಕೂ, ದಾಸರ ಪದಗಳನ್ನು ಬರೆದುಕೊಂಡ ಭಜನೆಯ ವಹಿಗೂ, ಮಠದಿಂದ ಬಂದ ಹಳೆಯ ಪತ್ರಗಳಿಗೂ ಸಲ್ಲುವುದು.

ಓದಿಸುವುದಕ್ಕೆ ದೂರ ಹೋಗಬೇಕಾಗಿಲ್ಲ. 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯ ಹೊಸಪೇಟೆಯಿಂದ ಕೂಗಳತೆಯಲ್ಲಿದೆ. ಹಸ್ತಪ್ರತಿಗಳಿಗೆಂದೇ ಅಲ್ಲೊಂದು ವಿಭಾಗವಿದೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಗಿ ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಓಲೆಗೆ ಆ ಗಡಿಯ ಗೊಡವೆಯಿಲ್ಲ. ಕೊಡಲು ಮನಸ್ಸಾದರೆ ಕೊಟ್ಟು ರಸೀದಿ ಪಡೆಯಿರಿ. ಮನೆಯ ದೇವರೊಂದಿಗೆ ಇರಲೆಂದರೆ ಪ್ರತಿ ಮಾಡಿಸಿಕೊಂಡು ಮೂಲವನ್ನು ಜಗುಲಿಗೇ ಮರಳಿಸಿರಿ. ನಿಮ್ಮ ಕಟ್ಟಿನಲ್ಲಿರುವುದು ನಿಮ್ಮ ಮತದ ಮಾತೇ ಆಗಿರಬೇಕೆಂಬ ನಿಯಮವೂ ಇಲ್ಲ; ಲಿಂಗವಂತರ ಮನೆಯಲ್ಲಿ ಭಾರತ ಸಿಕ್ಕೀತು, ಒಕ್ಕಲಿಗರ ಮನೆಯಲ್ಲಿ ವೈದ್ಯ ಸಿಕ್ಕೀತು. ನಮಗೆ ಒಪ್ಪಿಗೆಯಾದುದನ್ನು ಇಟ್ಟುಕೊಂಡು ಒಪ್ಪದುದನ್ನು ಹೊಳೆಗೆ ಬಿಡುವೆವೆಂದರೆ ಅದು ಕಾಯುವ ಕೆಲಸವಾಗದು.

ಬರುವ ಮಹಾನವಮಿಯಲ್ಲಿ ಕಟ್ಟಿಗೆ ಹೂವೇರಿಸುವ ಮುನ್ನ ಒಮ್ಮೆ ದಾರವನ್ನು ಮೆಲ್ಲನೆ ಸಡಿಲಿಸಿ ನೋಡಿರಿ. ಓದಿಸಿಕೊಳ್ಳುವುದೇ ಅದಕ್ಕೆ ಸಲ್ಲಬೇಕಾದ ನಿಜವಾದ ಪೂಜೆ.