ಟೀಚರಿಗೂ ಒಂದು ಭಾನುವಾರ ಬೇಕು

“ಟೀಚರ್ ಕೆಲಸ ಅಂದ್ರೆ ಆರಾಮ. ಶನಿವಾರ ಅರ್ಧ ದಿನ, ಭಾನುವಾರ ಪೂರ್ತಿ ರಜೆ.” ಮದುವೆ ಮನೆಗಳಲ್ಲಿ ಈ ಮಾತು ಕೇಳದವರು ಯಾರು? ಹೆಣ್ಣು ನೋಡಲು ಬಂದವರೂ ಇದನ್ನೇ ಹೇಳುತ್ತಾರೆ: ಟೀಚರ್ ಆದರೆ ಮನೆ ಕೆಲಸಕ್ಕೂ ಪುರುಸೊತ್ತು ಸಿಗುತ್ತದೆ ಅಂತ. ನಮ್ಮ ಬ್ಯಾರಿ ಮನೆಗಳ ಎಷ್ಟೋ ಹೆಣ್ಣುಮಕ್ಕಳು ಇವತ್ತು ಡಿ.ಎಡ್., ಬಿ.ಎಡ್. ಮುಗಿಸಿ ಶಾಲೆಗಳಲ್ಲಿದ್ದಾರೆ. ಸಂತೋಷದ ವಿಷಯ. ಆದರೆ ಅವರ ರಜೆಯೊಳಗೆ ಏನೇನಿದೆ ಎಂದು ಲೆಕ್ಕ ಹಾಕಿದವರು ಕಡಿಮೆ.

ಲೆಕ್ಕ ಹಾಕೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ 35 ಮಕ್ಕಳಿಗೊಬ್ಬರು ಶಿಕ್ಷಕರು ಇರಬೇಕು ಎನ್ನುತ್ತದೆ. ಒಂದು ನೋಟ್ ಪುಸ್ತಕ ತಿದ್ದಲು 4 ನಿಮಿಷ ಹಿಡಿದರೂ 35ಕ್ಕೆ 140 ನಿಮಿಷ. ಎರಡು ತರಗತಿ ಇದ್ದರೆ 4 ಗಂಟೆ 40 ನಿಮಿಷ. ಇದರ ಮೇಲೆ ಪಾಠ ಯೋಜನೆ, ಪರೀಕ್ಷೆಯ ಅಂಕ, ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬುವುದು. ಇದೆಲ್ಲ ಒಟ್ಟಾಗಿ ಭಾನುವಾರದ ಮೇಲೆ ಬೀಳುತ್ತದೆ. ಅದೇ ಕಾಯ್ದೆ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಕೆಲಸ ಎಂದು ಬರೆದಿದೆ; ಪಾಠದ ತಯಾರಿಯ ಸಮಯವೂ ಅದರಲ್ಲೇ ಸೇರಿದೆ. ಅಂದರೆ ಮನೆಗೆ ಹೊತ್ತು ತರುವ ಆ ಪುಸ್ತಕದ ಕಟ್ಟು ಕೆಲಸವೇ, ರಜೆಯ ಹವ್ಯಾಸ ಅಲ್ಲ.

ದೊಡ್ಡ ರಜೆಯ ಕಥೆಯೂ ಹೀಗೇ. 2025ರ ದಸರಾ ನೆನಪಿರಬಹುದು. ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ನಮ್ಮ ಮನೆ ಬಾಗಿಲಿಗೆ ಬಂದು ನಿಂತವರು ಹೆಚ್ಚಿನವರು ಶಾಲೆಯ ಟೀಚರುಗಳೇ ಅಲ್ವಾ?

ನಾವೀಗ ಇರುವುದು ಕರಾವಳಿಯಿಂದ ದೂರ, ರಾಯಚೂರು ಜಿಲ್ಲೆಯ ಬಾಗಲವಾಡದಲ್ಲಿ. ಈ ಕಡೆ ಟೀಚರಿಗೆ ಇನ್ನೊಂದು ಕೆಲಸ ಹೆಚ್ಚು. ಹತ್ತಿ ಬಿಡಿಸುವ ಕಾಲ ಬಂತೆಂದರೆ ಮಕ್ಕಳು ಹೊಲಕ್ಕೆ ಹೋಗ್ತಾರೆ. ಮನೆಯವರು ಗುಳೆ ಹೊರಟರೆ ಮಕ್ಕಳೂ ಜೊತೆಗೆ. ಅಂಥ ಮಗುವಿನ ಮನೆಗೆ ಹೋಗಿ ತಂದೆ ತಾಯಿಯ ಹತ್ತಿರ ನಾಲ್ಕು ಮಾತಾಡಲು ಟೀಚರಿಗೆ ಸಿಗುವುದು ರಜೆಯ ದಿನವೇ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು ಬಂದರೆ, ಇಲ್ಲಿಗೆ ಹತ್ತಿರದ ಕಲಬುರಗಿ ಶೇ. 42.43 ಪಡೆದು ಕೊನೆಗೆ ಉಳಿಯಿತು. ಆ ಅಂತರ ತುಂಬಿಸಲು ವಿಶೇಷ ತರಗತಿ ಅಂತ ರಜೆಯೇ ಮೊದಲು ಹೋಗುತ್ತದೆ.

ಹಾಗಾದರೆ ಟೀಚರ್ ರಜೆಯನ್ನು ಉಪಯೋಗಕ್ಕೆ ತರುವುದು ಹೇಗೆ? ನಮ್ಮ ಅಭಿಪ್ರಾಯದಲ್ಲಿ ಭಾನುವಾರಕ್ಕೆ ಇನ್ನಷ್ಟು ಕೆಲಸ ತುಂಬಿಸುವುದರಿಂದ ಅದು ಆಗುವುದಿಲ್ಲ. ಭಾನುವಾರದಿಂದ ಕೆಲಸ ಇಳಿಸಬೇಕು. ದಿನಕ್ಕೆ 7 ಪುಸ್ತಕ ತಿದ್ದಿದರೆ 28 ನಿಮಿಷ ಸಾಕು. ಐದು ದಿನದಲ್ಲಿ 35 ಮುಗಿಯುತ್ತದೆ. ಎರಡು ತರಗತಿ ಇದ್ದರೂ ದಿನಕ್ಕೆ ಗಂಟೆಯೊಳಗೆ. ಮುಂದಿನ ವಾರದ ಪಾಠ ಯೋಜನೆಗೆ ಶನಿವಾರ ಲುಹರ್‌ನಿಂದ ಅಸರ್‌ವರೆಗೆ ಕೂತರೆ ಆಯಿತು. ಅಸರ್ ಆದ ಮೇಲೆ ಪುಸ್ತಕ ಮುಚ್ಚಬೇಕು, ಶಾಲೆಯ ವಾಟ್ಸಾಪ್ ಗ್ರೂಪನ್ನೂ ಮುಚ್ಚಬೇಕು. ಭಾನುವಾರ ಸ್ವಲ್ಪ ಹೆಚ್ಚು ನಿದ್ದೆ, ಸಿಲೆಬಸ್ಸಿಗೆ ಸೇರದ ಒಂದು ಪುಸ್ತಕದ ಹತ್ತು ಪುಟ, ಸ್ವಂತ ಮಕ್ಕಳ ಜೊತೆ ಮಾತು. ಇಷ್ಟಾದರೆ ಆ ದಿನ ಸಾರ್ಥಕ.

ಇದೆಲ್ಲ ಟೀಚರ್ ಒಬ್ಬರಿಂದಲೇ ಆಗುವ ಕೆಲಸವೂ ಅಲ್ಲ. ನಮ್ಮ ಮನೆಗಳಲ್ಲಿ ಭಾನುವಾರವೇ ನೆಂಟರು ಬರುವುದು, ಭಾನುವಾರವೇ ಬಿರಿಯಾನಿ, ವಾರದ ಬಟ್ಟೆ ರಾಶಿಯೂ ಅವತ್ತೇ. ಆರು ದಿನ ತರಗತಿಯಲ್ಲಿ ನಿಂತ ಮಗಳು, ಸೊಸೆ ಏಳನೇ ದಿನ ಒಲೆಯ ಮುಂದೆ ನಿಲ್ಲುತ್ತಾಳೆ. ಪ್ರವಾದಿಯವರು (ಸ.ಅ.) ಮನೆಗೆಲಸದಲ್ಲಿ ನೆರವಾಗುತ್ತಿದ್ದರು ಎಂದು ಆಯಿಷಾ (ರ.) ತಿಳಿಸಿದ ಹದೀಸನ್ನು ನಾವು ಮದ್ರಸದಲ್ಲಿ ಹುಡುಗರಿಗೆ ಕಲಿಸುತ್ತೇವೆ. ಮನೆಯ ಗಂಡಸರು ಭಾನುವಾರವಾದರೂ ಅದನ್ನು ಮಾಡಿ ತೋರಿಸಲಿ.

ಕರಾವಳಿಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮದ್ರಸಕ್ಕೆ ಶುಕ್ರವಾರ ರಜೆ, ಶಾಲೆಗೆ ಭಾನುವಾರ. ಭಾನುವಾರ ಬೆಳಿಗ್ಗೆ ಮಗು ಮದ್ರಸದಲ್ಲಿರುತ್ತದೆ. ತಾಯಿಗೂ ಮಗುವಿಗೂ ಒಟ್ಟಿಗೆ ಸಿಗುವುದು ಮದ್ರಸ ಬಿಟ್ಟ ಮೇಲಿನ ಹೊತ್ತು ಮಾತ್ರ. ಆ ಹೊತ್ತಿಗೂ ಟ್ಯೂಷನ್ ಹಾಕಿದರೆ ಏನುಳಿಯಿತು?

ಕಮಿಟಿಯವರಿಗೂ ಒಂದು ಮಾತು. ಉಚಿತ ಟ್ಯೂಷನ್ ಇರಲಿ, ಸ್ಕಾಲರ್‌ಶಿಪ್ ಅರ್ಜಿ ತುಂಬುವುದಿರಲಿ, ಕಾರ್ಯಕ್ರಮದ ನಿರೂಪಣೆ ಇರಲಿ, ಕಲಿತವರು ಅಂತ ಎಲ್ಲದಕ್ಕೂ ಟೀಚರನ್ನೇ ಕರೆಯುತ್ತೇವೆ. ತಿಂಗಳಿಗೊಂದು ಭಾನುವಾರ ಕೇಳಿ, ಕೊಡ್ತಾರೆ. ನಾಲ್ಕನ್ನೂ ಕೇಳಬೇಡಿ. ಪೋಷಕರೂ ಅಷ್ಟೆ, ಭಾನುವಾರ ರಾತ್ರಿ ಹೋಂವರ್ಕ್ ಏನು ಅಂತ ಫೋನ್ ಮಾಡುವುದನ್ನು ಸೋಮವಾರಕ್ಕೆ ಇಟ್ಟುಕೊಳ್ಳಬಹುದು.

ಟೀಚರ್ ದಣಿದೇ ತರಗತಿಗೆ ಬಂದರೆ ಆ ಸೋಮವಾರದ ಪಾಠ ಹೇಗಿರುತ್ತದೆ ಎಂದು ಯೋಚಿಸಿ. ಅವರ ಎದುರು ಬೆಂಚಿನಲ್ಲಿ ಕೂತಿರುವುದು ನಮ್ಮದೇ ಮಕ್ಕಳು.