ಪಟ್ಟಿ ಸುತ್ತದೆ ಬಿಪಿ ಬರೆಯುವವರನ್ನು ಕೇಳೋಣ



ನಮ್ಮ ಮೇಡ್ಲೇರಿ ಕಡೆಯ ಬಸುರಿಯೊಬ್ಬಳ ತಾಯಿ ಕಾರ್ಡು ನೋಡಿದೆ. ಪ್ರತಿ ತಿಂಗಳೂ ಬಿಪಿ 110/70. 'ಮಷಿನ್ ಹಚ್ಚಿದ್ರೇನವ್ವಾ?' ಅಂದೆ. 'ಇಲ್ರೀ, ಕಾರ್ಡ್ ಇಸ್ಕೊಂಡು ಬರದ್ ಕೊಟ್ರು' ಅಂದಳು. ಮುಖ ಊದಿ, ತಲೆ ಸಿಡಿದು, ಕಣ್ಣು ಮಂಜಾದ ಮೇಲೆ ದಾವಣಗೆರೆಗೆ ಓಡಿದರು. ಆಕೆ ಉಳಿದಳು, ಕೂಸು ಉಳಿಯಲಿಲ್ಲ.

ಪ್ರೀ-ಎಕ್ಲಾಂಪ್ಸಿಯಾ ಎಂಬ ಈ ಬಸುರಿ ನಂಜು ನಿಮಗೆ ಗೊತ್ತಿಲ್ಲದ್ದಲ್ಲ. ಐದು ತಿಂಗಳು ತುಂಬಿದ ಮೇಲೆ ಬಿಪಿ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋದರೆ ಅದೇ. ಬಿಟ್ಟರೆ ಫಿಟ್ಸ್ ಬರಬಹುದು. ಹೊತ್ತಿಗೆ ಸರಿಯಾಗಿ ಕೊಟ್ಟ ಮೆಗ್ನೀಸಿಯಂ ಸಲ್ಫೇಟ್ ಫಿಟ್ಸಿನ ಅಪಾಯವನ್ನು ಅರ್ಧಕ್ಕಿಳಿಸುತ್ತದೆಂದು 2002ರಲ್ಲೇ ಸಾಬೀತಾಗಿದೆ. ಆದರೆ ಅಳೆಯದೆ ಬರೆದ ಅಂಕಿ ಯಾರಿಗೂ ಎಚ್ಚರ ಕೊಡುವುದಿಲ್ಲ.

ನಂಜು ಬಿಪಿಯೊಂದಕ್ಕೇ ನಿಲ್ಲುವುದೂ ಇಲ್ಲ. ಸೊರಗಿದ ಮಾಸಿನಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನು ಥೈರಾಯ್ಡಿಗೂ ಪೆಟ್ಟು ಕೊಡಬಹುದು. ಈ ನಂಜು ಕಂಡ ಹೆಂಗಸರಲ್ಲಿ ಥೈರಾಯ್ಡ್ ಸೋತಾಗ ಹೆಚ್ಚುವ ಹಾರ್ಮೋನಾದ ಟಿಎಸ್‌ಎಚ್ ಏರಿದ್ದನ್ನೂ, ನಾರ್ವೆಯಲ್ಲಿ ಹೆರಿಗೆಯಾಗಿ ವರ್ಷಗಳಾದ ಮೇಲೂ ಅಂಥ ಏರಿಕೆ ಕಂಡದ್ದನ್ನೂ 2009ರ ಅಧ್ಯಯನ ತೋರಿಸಿದೆ. ಥೈರಾಯ್ಡ್ ಹಾರ್ಮೋನು ಕೆಲಸಕ್ಕೆ ಬರುವಂತೆ ಮಾಡುವ ಕಿಣ್ವಗಳಿಗೆ ಸೆಲೆನಿಯಂ ಬೇಕು. ಕೆಲವು ಅಧ್ಯಯನಗಳಲ್ಲಿ ಇಂಥ ಬಸುರಿಯರಲ್ಲಿ ಅದು ಕಡಿಮೆ ಕಂಡಿದೆ. ಹಾಗೆಂದು ಸೆಲೆನಿಯಂ ಮಾತ್ರೆ ನುಂಗಿದರೆ ನಂಜು ಬರುವುದಿಲ್ಲವೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಬಿಪಿಯನ್ನೇ ನೋಡದವರು ಥೈರಾಯ್ಡ್ ನೋಡಿಯಾರೇ?

ನನ್ನ ಸಿಟ್ಟು ಅಳೆಯದೆ ಬರೆಯುವವರ ಮೇಲಷ್ಟೇ ಅಲ್ಲ. ಕಾಲು ಊದಿದರೆ 'ಬಸುರ್ಯಾಗ ಬಾವು ಬರೋದಽ' ಎಂದು ಕೂಡ್ರಿಸುವ ಅತ್ತೆಯಂದಿರ ಮೇಲೂ, ಹಡೆಯುವುದು ಹೆಂಗಸರ ಉಸಾಬರಿ ಎನ್ನುವ ಗಂಡಂದಿರ ಮೇಲೂ ಇದೆ. ಊತ ಇಳಿಯಲೆಂದು ಅಯೋಡಿನ್ ಬೆರೆತ ಉಪ್ಪು ಬಿಡಿಸಿದರೆ ನಂಜು ತಪ್ಪುವುದಿಲ್ಲ. ಥೈರಾಯ್ಡಿಗೆ ಬೇಕಾದ ಅಯೋಡಿನ್ ತಪ್ಪುತ್ತದೆ, ಅಷ್ಟೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ತೂಗದೆ ತೂಕ ಬರೆದರೆ ಸುಮ್ಮನಿರುತ್ತೀರಾ? ದರ ಬಿತ್ತೆಂದು 2024ರ ಮಾರ್ಚಿನಲ್ಲಿ ಅಲ್ಲಿ ವಾಹನಗಳೇ ಸುಟ್ಟುಹೋದವು. ಸುಡಿ ಅನ್ನುವುದಿಲ್ಲ. ಮನೆಮಗಳ ಬಿಪಿಗೆ ಬಾಯಾದರೂ ತೆರೆಯಿರಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ. ಜತೆಗೆ ಹೋಗಿ. ರಟ್ಟೆಗೆ ಪಟ್ಟಿ ಸುತ್ತುವವರೆಗೂ ಕಾರ್ಡು ಕೈಬಿಡಬೇಡಿ. ಮೂತ್ರ ಪರೀಕ್ಷೆ ಆಗದೆ, ಥೈರಾಯ್ಡ್ ಬಗ್ಗೆ ಕೇಳದೆ ಅಲ್ಲಿಂದ ಏಳಬೇಡಿ.