ತೆಂಗಿನ ಸೀಮೆಯ ರೈತನ ಊಟ

ಅರಳಗುಪ್ಪೆಯ ಸುತ್ತಿನಿಂದ ಮೊದಲ್ಗೊಂಡು ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿರುವ ತೆಂಗಿನ ಸೀಮೆಯಲ್ಲಿ ಇಬ್ಬರು ರೈತರು ಸೇರಿದರೆ ತಿಪಟೂರು ಮಾರುಕಟ್ಟೆಯ ಕೊಬ್ಬರಿಯ ಧಾರಣೆಯ ಮಾತೇ ಮೊದಲು ಬರುವುದು. ಇದು ಸಹಜವೇ. ಆದರೆ ಆ ಕೊಬ್ಬರಿಯ ಹಣದಿಂದ ಮನೆಗೆ ಎಂತಹ ಆಹಾರ ಬರುತ್ತಿದೆ, ಅದರಿಂದ ಹೆಂಗಸರು ಮಕ್ಕಳ ದೇಹಕ್ಕೆ ಎಷ್ಟು ಪುಷ್ಟಿ ದೊರೆಯುತ್ತಿದೆ ಎಂಬ ಲೆಕ್ಕವನ್ನು ಹಾಕುವವರು ವಿರಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ವ್ಯವಸಾಯದ ಪತ್ರಿಕೆಯಲ್ಲಿ ಈ ವಿಷಯವೇಕೆಂದು ಕೇಳಬಹುದು. ಊಟದ ಗುಣವು ಬಹುಮಟ್ಟಿಗೆ ಹೊಲದಲ್ಲಿಯೇ ನಿರ್ಧಾರವಾಗುವುದೆಂಬುದೇ ಅದಕ್ಕೆ ಉತ್ತರ.

ಹಿಂದೆ ಈ ಸೀಮೆಯ ರಾಗಿಯ ಹೊಲವು ಒಂದೇ ಬೆಳೆಯ ಹೊಲವಾಗಿರಲಿಲ್ಲ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ಮುದ್ದೆಗೆ ಬೇಕಾದ ಹಿಟ್ಟೂ ಸಾರಿಗೆ ಬೇಕಾದ ಕಾಳೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದುವು. ಈ ಪದ್ಧತಿಯ ಯುಕ್ತತೆಯನ್ನು ಆಹಾರಶಾಸ್ತ್ರವೂ ಒಪ್ಪುತ್ತದೆ. 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶವು ಸುಮಾರು 350 ಮಿಲಿಗ್ರಾಂ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಮಿನ ಆಸುಪಾಸು. ಆದರೆ ರಾಗಿಯಲ್ಲಿ ಸಸಾರಜನಕವು 7 ಗ್ರಾಂ ಮಾತ್ರ. ಅದರಲ್ಲಿಯೂ ಲೈಸೀನ್ ಎಂಬ ಅವಶ್ಯವಾದ ಭಾಗ ಕಡಿಮೆ. ಹುರಳಿಯಲ್ಲಾದರೋ ಸಸಾರಜನಕವು ಸುಮಾರು 22 ಗ್ರಾಂ, ಲೈಸೀನೂ ಯಥೇಷ್ಟ. ಹೀಗೆ ಒಂದರ ಕೊರತೆಯನ್ನು ಮತ್ತೊಂದು ತುಂಬುವುದು. ಮುದ್ದೆಗೆ ಹುರಳಿಯ ಬಸ್ಸಾರು ಎಂಬುದು ಬಡತನದ ಊಟವಲ್ಲ, ತಿಳಿವಳಿಕೆಯ ಊಟ.

ಈಚಿನ ದಶಕಗಳಲ್ಲಿ ಅಂತಹ ಹೊಲಗಳು ಅನೇಕವು ತೋಟಗಳಾಗಿವೆ. ತೆಂಗು ಹಣವನ್ನು ತಂದಿತು. ಆದರೆ ಅಕ್ಕಡಿಯ ಕಾಳು ಹೋಯಿತು, ಬದುವಿನ ಸೊಪ್ಪೂ ಹೋಯಿತು. 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿ ಪಟ್ಟಣದವರು ರಾಗಿಯನ್ನು ಹೊಗಳುತ್ತಿರುವಾಗ, ರಾಗಿಯ ನಾಡಿನವರೇ ಬಿಳಿಯ ಅನ್ನವನ್ನು ದೊಡ್ಡಸ್ತಿಕೆಯೆಂದು ಭಾವಿಸುವುದು ಶೋಚನೀಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ದಿನವೊಂದಕ್ಕೆ ಸುಮಾರು 250 ಗ್ರಾಂ ಧಾನ್ಯಕ್ಕೆ 85 ಗ್ರಾಂ ಬೇಳೆಕಾಳನ್ನೂ 400 ಗ್ರಾಂ ಸೊಪ್ಪು ತರಕಾರಿಗಳನ್ನೂ ಹೇಳಿದೆ. ನಮ್ಮ ಮನೆಗಳ ತಟ್ಟೆಯಲ್ಲಿ ಈ ಪ್ರಮಾಣವಿದೆಯೇ ಎಂದು ಗೃಹಿಣಿಯರೂ ಯಜಮಾನರೂ ನೋಡಿಕೊಳ್ಳತಕ್ಕದ್ದು.

ತೋಟದಲ್ಲಿ ಬೇರೆ ಬೆಳೆಯಿಟ್ಟರೆ ತೆಂಗಿನ ಫಸಲು ತಗ್ಗುವುದೆಂದು ಕೆಲವರು ಆಕ್ಷೇಪಿಸುವರು. ತೆಂಗಿನ ಬೇರುಗಳು ಮುಖ್ಯವಾಗಿ ಬುಡದಿಂದ ಸುಮಾರು 6 ಅಡಿಯೊಳಗೆ ಕೆಲಸ ಮಾಡುವುವು. 30 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಉಳಿದ ನೆಲವೇ ಬಹುಪಾಲು. ಎಳೆಯ ತೋಟದಲ್ಲಿಯೂ, 25 ವರ್ಷ ದಾಟಿ ಮರ ಎತ್ತರವಾದ ತೋಟದಲ್ಲಿಯೂ ಬಿಸಿಲು ಸಾಕಷ್ಟು ಬೀಳುವುದು. ಭರಣಿ, ಕೃತ್ತಿಕಾ ಮಳೆಗಳಿಗೆ ಹೆಸರು, ಅಲಸಂದೆಗಳನ್ನೂ, ಮಘೆ, ಹುಬ್ಬೆಗಳಲ್ಲಿ ಹುರಳಿಯನ್ನೂ ಬಿತ್ತಬಹುದು. ಮರದ ಪಾತಿಯನ್ನು ಬಿಟ್ಟು ಬಿತ್ತಿ, ಎರಡಕ್ಕೂ ಬೇರೆಬೇರೆಯಾಗಿ ಗೊಬ್ಬರ ಕೊಟ್ಟರೆ ತೆಂಗಿಗೆ ನಷ್ಟವಿಲ್ಲ. ದ್ವಿದಳ ಬೆಳೆಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುವುದರಿಂದ ಲಾಭವೇ ಉಂಟು. ಹಿತ್ತಲಿನ ಬಚ್ಚಲು ನೀರಿಗೆ ಒಂದು ನುಗ್ಗೆಯ ಮರ, ಒಂದು ನಿಂಬೆಯ ಗಿಡ, ಒಂದು ಮಡಿ ದಂಟು ಇಷ್ಟಿದ್ದರೆ ಸಾಕು.

ಬೆಳೆದದ್ದನ್ನು ಉಣ್ಣುವ ಕ್ರಮವೂ ಮುಖ್ಯ. ರಾಗಿ ಮತ್ತು ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಪೂರ್ತಿಯಾಗಿ ಹೀರಲಾರದು. ಮೊಳಕೆ ಕಟ್ಟಿ ಬಳಸುವುದರಿಂದಲೂ, ಊಟದಲ್ಲಿ ನಿಂಬೆಯ ಹುಳಿಯನ್ನು ಸೇರಿಸುವುದರಿಂದಲೂ ಅದು ಹೆಚ್ಚು ದಕ್ಕುವುದು. ಊಟದೊಡನೆಯೇ ಕಾಫಿ, ಟೀ ಕುಡಿಯುವುದರಿಂದ ಕುಗ್ಗುವುದು.

ಹೀಗೆಂದು ಸಸ್ಯಾಹಾರವೇ ಸರ್ವರೋಗಕ್ಕೂ ಔಷಧವೆಂದು ಹೇಳುವುದು ತರವಲ್ಲ. ಬಿ12 ಎಂಬ ಜೀವಸತ್ತ್ವವು ಸಸ್ಯಗಳಲ್ಲಿ ದೊರೆಯದು. ಆದುದರಿಂದ ಹಾಲು ಮೊಸರುಗಳನ್ನೆಲ್ಲ ಡೈರಿಗೆ ಅಳೆದು ಮಕ್ಕಳಿಗೆ ಇಲ್ಲವೆನ್ನಿಸಬಾರದು. ಕೊಬ್ಬರಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕೊಬ್ಬಿರುವುದರಿಂದ ಅದು ರುಚಿಗೆ ಸೇರತಕ್ಕದ್ದೇ ಹೊರತು ಕಾಳಿನ ಬದಲಿಗೆ ನಿಲ್ಲಲಾರದು. ರಕ್ತಹೀನತೆಯುಳ್ಳವರು ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ತಪ್ಪದೆ ಸೇವಿಸಬೇಕು.

ಧಾರಣೆ ಏರುವುದೂ ಇಳಿಯುವುದೂ ರೈತನ ಕೈಯಲ್ಲಿಲ್ಲ. ತೋಟದ ಒಂದು ಮೂಲೆಯಲ್ಲಿ ಕಾಳನ್ನೂ ಸೊಪ್ಪನ್ನೂ ಬೆಳೆಯುವುದು ಅವನ ಕೈಯಲ್ಲಿಯೇ ಇದೆ. ಬರುವ ಮುಂಗಾರಿಗೆ ಪ್ರತಿಯೊಬ್ಬ ತೋಟಗಾರನೂ ಮಾರಾಟಕ್ಕಲ್ಲದೆ ಮನೆಯ ಊಟಕ್ಕೆಂದೇ ಹತ್ತು ಗುಂಟೆ ನೆಲವನ್ನು ಮೀಸಲಿಡಲೆಂದು ನಮ್ಮ ವಿಜ್ಞಾಪನೆ.